ಗಿರಿಜಾ, ಗ್ರಾಹಕ ಒಳಗೇ ಇತ್ತು

ನಿನ್ನ ಉತ್ತರ ಸರಿಯೆಂದು ಗೊತ್ತಿದ್ದೂ ನಾನು ತಪ್ಪೆಂದು ಹೇಳಿದೆ, ಗಿರಿಜಾ. ಯಾಕೆ ಹೇಳಿದೆ ಎಂಬುದು ಇವತ್ತಿಗೂ — ಇರಲಿ, ಮೊದಲಿನಿಂದ ಹೇಳುತ್ತೇನೆ.

ಎಂಬತ್ತೆರಡರಲ್ಲಿ ಬಾಗಲಕೋಟೆಯ ಕಾಲೇಜಿನಲ್ಲಿ ನೀನು ನನ್ನ ಬಿ.ಎಸ್ಸಿ. ವಿದ್ಯಾರ್ಥಿನಿ. ನಾನು ಪಾಠ ಮಾಡುತ್ತಿದ್ದೆ ಎನ್ನುವುದಕ್ಕಿಂತ ನೋಟ್ಸ್ ಬರೆಸುತ್ತಿದ್ದೆ — ನಾನು ಓದುವಾಗ ಬರೆದುಕೊಂಡದ್ದನ್ನೇ, ಅಲ್ಪವಿರಾಮದ ಸಮೇತ. ಈಸ್ಟ್ರೊಜನ್ ಎಂಬ ಸ್ಟಿರಾಯ್ಡ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ ಗ್ರಾಹಕ ಎನ್ನುತ್ತಾರೆ. ಅದು ಜೀವಕೋಶದಲ್ಲಿ ನ್ಯೂಕ್ಲಿಯಸ್ಸಿನ ಹೊರಗಿರುತ್ತದೆ, ಹಾರ್ಮೋನು ಬಂದು ಕೂಡಿದ ಮೇಲೆಯೇ ಒಳಗೆ ಹೋಗುತ್ತದೆ ಎಂದು ಬರೆಸಿದೆ. ಅದು ಹೇಗೆ ಗೊತ್ತಾಯಿತೆಂದು ಕೇಳಿದೆ ನೀನು. ಅಂಗಾಂಶವನ್ನು ಅರೆದು ತೊಳೆದರೆ ನ್ಯೂಕ್ಲಿಯಸ್ಸು ತಳದಲ್ಲಿ ಉಳಿಯುತ್ತದೆ, ಹಾರ್ಮೋನು ಕೂಡದ ಗ್ರಾಹಕ ನೀರಿಗೆ ಬರುತ್ತದೆ ಎಂದೆ. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರ ಮಗಳು ನೀನು.

"ಕಚ್ಚದ ಬಣ್ಣ ತೊಳದಾಗ ನೀರಿಗೆ ಬರ್ತೈತ್ರಿ ಸರ್. ಹಂಗಂತ ಅದು ನೂಲಿನಾಗ ಇರಲೇ ಇಲ್ಲ ಅನ್ನಾಕ ಬರ್ತೈತೇನ್ರಿ?"

ಅಂದರೆ — ಗ್ರಾಹಕ ಮೊದಲಿನಿಂದಲೂ ನ್ಯೂಕ್ಲಿಯಸ್ಸಿನೊಳಗೇ ಸಡಿಲವಾಗಿ ಇದ್ದು, ಅರೆದಾಗ ಸೋರಿರಬಹುದು. ಹಾರ್ಮೋನು ಬಂದರೆ ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಅಷ್ಟೇ. ಕ್ಲಾಸು ನಕ್ಕಿತು, ನಾನೂ ನಕ್ಕೆ. ಟೆಸ್ಟಿನಲ್ಲಿ ನೀನು ಅದನ್ನೇ ಬರೆದೆ, ನಾನು ಸೊನ್ನೆ ಹಾಕಿದೆ. ಎಂ.ಎಸ್ಸಿ.ಗೆ ಶಿಫಾರಸು ಪತ್ರ ಕೇಳಲು ನೀನು ಬರಲೇ ಇಲ್ಲ. ಅಲ್ಲಿಯವರೆಗಿನದು ಬರೀ ಅಜ್ಞಾನವೇ? ಹಾಗೆಂದುಕೊಳ್ಳಲು ಮನಸ್ಸೇನೋ ಇದೆ —

ಎರಡು ಮೂರು ವರ್ಷದ ಮೇಲೆ ನಾನು ಧಾರವಾಡದ ಲೈಬ್ರರಿಯಲ್ಲಿ ವಿಜ್ಞಾನ ಪತ್ರಿಕೆಯೊಂದನ್ನು ತಿರುವಿದೆ. ಹಾರ್ಮೋನು ಇಲ್ಲದಾಗಲೂ ಗ್ರಾಹಕ ನ್ಯೂಕ್ಲಿಯಸ್ಸಿನಲ್ಲೇ ಕಂಡಿದೆ, ಹೊರಗೆ ಸಿಕ್ಕದ್ದು ಅರೆಯುವಾಗ ಸೋರಿದ್ದು ಎಂದಿತ್ತು. ಮರುದಿನ ಕ್ಲಾಸಿಗೆ ಹೋಗಿ ಹಳೆಯ ನೋಟ್ಸನ್ನೇ ಬರೆಸಿದೆ. ಪರೀಕ್ಷೆಗೆ ಅದೇ ಬೇಕೆಂದೇ? ನಾಚಿಕೆಯೇ? ಎಷ್ಟು ಕೆದಕಿದರೂ ತಳ ಸಿಗುವುದಿಲ್ಲ.

ಅದಾದ ಮೇಲೆ, ಅದೇ ವರ್ಷ, ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ನೀನು ಎದುರಾದೆ. ನೀನು ಧಾರವಾಡಕ್ಕೆ ಹೊರಟಿದ್ದೆ, ಎಂ.ಎಸ್ಸಿ. ಅರ್ಜಿ ಕೈಯಲ್ಲೇ ಇತ್ತು. ಮನೆಯವರು ಕಡೆಗೂ ಒಪ್ಪಿದ್ದರು. ನಿನಗೇ ಧೈರ್ಯ ಸಾಲದಾಗಿತ್ತು.

"ಒಂದ್ ಮಾತು ಕೇಳ್ತೇನ್ರಿ ಸರ್. ಆ ಗ್ರಾಹಕದ್ದು ನಾ ಹೇಳಿದ್ದು ಖರೆ ಇತ್ತೇನ್ರಿ?"

"ಇಲ್ಲವ್ವಾ," ಎಂದೆ ನಾನು. "ನೋಟ್ಸಿನಾಗ ಇದ್ದದ್ದ ಖರೆ."

ನೀನು ತಲೆಯಾಡಿಸಿದೆ. "ಹಂಗಾದ್ರ ನನ್ನ ತಲಿ ಇದಕ್ಕಲ್ಲ ಬಿಡ್ರಿ," ಎಂದು ಅರ್ಜಿಯನ್ನು ಮಡಚಿ ಚೀಲದೊಳಗಿಟ್ಟೆ. ಧಾರವಾಡದ ಬಸ್ಸು ಬಂತು, ಹೋಯಿತು. ನೀನು ಇಳಕಲ್ಲಿನ ಬಸ್ಸು ಹತ್ತಿದೆ.

ಅದು ತಕ್ಷಣ ಹೊರಡಲಿಲ್ಲ. ಕಂಡಕ್ಟರ್ ಚಹಾ ಕುಡಿಯಲು ಹೋಗಿದ್ದ. ನೀನು ಕಿಟಕಿಯ ಪಕ್ಕ ಕುಳಿತಿದ್ದೆ, ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವನು ಚಹಾ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಬಂದು ಸೀಟಿ ಊದುವವರೆಗೂ ನಿಂತೇ ಇದ್ದೆ.