ಊಟ ಮೊದಲು, ಭಾಷಣ ಆಮೇಲೆ

ಜೀವನದಲ್ಲಿ ನಾನು ಮೊದಲ ಮತ ಹಾಕಿದ್ದು ಕಲ್ಕತ್ತೆಯಲ್ಲಿ, ಅದೂ ಅಧ್ಯಕ್ಷರ ಚುನಾವಣೆಗೆ. ಅಮೆರಿಕದ ಅಧ್ಯಕ್ಷರಲ್ಲ, ಲೇಕ್ ಮಾರ್ಕೆಟ್ ಕಡೆ ಬಾಡಿಗೆ ಹಾಲ್‌ನಲ್ಲಿ ಸೇರುತ್ತಿದ್ದ ನಮ್ಮ ಪುಟ್ಟ ಕನ್ನಡ ಕೂಟದ ಅಧ್ಯಕ್ಷರು. ಸಾಫ್ಟ್‌ವೇರ್ ಕಂಪನಿಗಳು ನಮ್ಮಂಥವರನ್ನು ಬೆಂಗಳೂರಿನಿಂದ ಹೊತ್ತು ತಂದು ಹೊಸ ಗಾಜಿನ ಕಟ್ಟಡಗಳಿಗೆ ತುಂಬುತ್ತಿದ್ದ ಕಾಲ ಅದು. ಕುತ್ತಿಗೆಗೆ ಐಡಿ ಕಾರ್ಡ್ ಬಿದ್ದ ಮೇಲೆ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ ಹುಟ್ಟಿಕೊಳ್ಳುತ್ತದೆ. ನನಗೂ ಹುಟ್ಟಿತ್ತು.

ಕೂಟ ಸೇರುವುದು ತಿಂಗಳಿಗೊಂದು ಭಾನುವಾರ. ಬಹಳ ವರ್ಷಗಳಿಂದ ಅಧ್ಯಕ್ಷರಾಗಿದ್ದವರು ರೈಲ್ವೆಯಿಂದ ನಿವೃತ್ತರಾದ, ಧಾರವಾಡ ಕಡೆಯ ಹಿರಿಯರು. ಹನ್ನೆರಡಕ್ಕೆ ಭಾಷಣಕ್ಕೆ ನಿಂತರೆಂದರೆ ಒಂದು ಗಂಟೆಗೆ ಕಡಿಮೆಯಿಲ್ಲ. ವಿಷಯ ಯಾವುದೇ ಇರಲಿ, ಅದು ಅವರೂರಿನ ಬಾವಿಯನ್ನೂ ಕನ್ನಡಶಾಲೆಯ ಮಾಸ್ತರರನ್ನೂ ಮುಟ್ಟಿಯೇ ವಾಪಸಾಗುತ್ತಿತ್ತು. ಅಷ್ಟು ಹೊತ್ತೂ ಪಕ್ಕದ ಕೋಣೆಯಲ್ಲಿ ಬಿಸಿಬೇಳೆಬಾತ್ ಆರುತ್ತಿತ್ತು. ತಿಂಗಳಿಡೀ ಮೆಸ್ಸಿನ ಸಿಹಿ ದಾಲ್ ನುಂಗಿದವನ ಸಂಕಟ ಯಾರಿಗೆ ಹೇಳುವುದು?

ಆ ವರ್ಷ ಅವರಿಗೆ ಮೊದಲ ಬಾರಿ ಎದುರಾಳಿ ಹುಟ್ಟಿದರು, ಬಿಬಿಡಿ ಬಾಗ್‌ನಲ್ಲಿ ಕೆಲಸ ಮಾಡುವ ಬ್ಯಾಂಕ್ ಅಧಿಕಾರಿ. ವೆಬ್‌ಸೈಟ್ ಮಾಡಿಸುತ್ತೇನೆ, ಯುವಕರಿಗೆ ಅವಕಾಶ ಕೊಡುತ್ತೇನೆ ಎಂದೆಲ್ಲ ಹೇಳಿ ಕೊನೆಗೆ, "ಇನ್ಮೇಲೆ ಊಟ ಮೊದಲು, ಭಾಷಣ ಆಮೇಲೆ" ಎಂದರು. ನನ್ನ ರಾಜಕೀಯ ನಿಲುವು ಅಲ್ಲೇ ಗಟ್ಟಿಯಾಯಿತು.

ನಮ್ಮಲ್ಲಿ ಚೀಟಿ, ಪೆಟ್ಟಿಗೆ ಇರಲಿಲ್ಲ. ಕೈ ಎತ್ತಬೇಕು. ಮೊದಲ ಸಲ ಕೈ ಎತ್ತುವವರು ಎದ್ದುನಿಂತು ಕಾರಣ ಹೇಳಬೇಕು. ಹೊಸ ಹುಡುಗರ ಬಾಯಲ್ಲಿ ನಾಲ್ಕು ಮಾತು ಕನ್ನಡ ಕೇಳಬಹುದೆಂದು ಆ ಹಿರಿಯರೇ ಮಾಡಿದ ಪದ್ಧತಿಯಂತೆ. ನಾನು ಎದ್ದು ಬದಲಾವಣೆ, ಪಾರದರ್ಶಕತೆ, ಯುವಶಕ್ತಿ ಎಂದು ಐದು ನಿಮಿಷ ಕೊರೆದೆ. ಬಿಸಿಬೇಳೆಬಾತಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಯಾರನ್ನು ಇಳಿಸಲು ಹೊರಟಿದ್ದೆನೋ ಅವರೇ ಮುಂದಿನ ಸಾಲಿನಲ್ಲಿ ಕೂತು, ಕಣ್ಣರಳಿಸಿ ಕೇಳುತ್ತಿದ್ದರು.

ಎಣಿಕೆಯ ಹೊತ್ತಿಗೆ ಬ್ಯಾಂಕಿನವರು ತಮ್ಮ ಹೆಸರಿಗೆ ತಾವೇ ಕೈ ಎತ್ತಿದರು. ಹಿರಿಯರೂ ಬ್ಯಾಂಕಿನವರ ಹೆಸರಿಗೇ ಕೈ ಎತ್ತಿದರು! ಪಕ್ಕದವರು ಗಾಬರಿಯಾಗಿ ತೋಳು ಜಗ್ಗಿದರೆ, "ನನಗ ನಾನ ಕೈ ಎತ್ಕೊಳ್ಳೋದೇನ್ರೀ? ಛಂದ ಕಾಣಂಗಿಲ್ಲ" ಎಂದರು. ಎಲ್ಲರೂ ನಕ್ಕೆವು. ಇಪ್ಪತ್ತೊಂದಕ್ಕೆ ಇಪ್ಪತ್ತು. ಒಂದೇ ಕೈಯ ಅಂತರದಲ್ಲಿ ಹಿರಿಯರು ಸೋತರು.

ಮುಂದಿನ ತಿಂಗಳು ಹೊಸ ಯುಗ ಆರಂಭವಾಯಿತು. ಹನ್ನೆರಡಕ್ಕೇ ಎಲೆ ಬಿತ್ತು. ಹೊಗೆಯಾಡುವ ಬಿಸಿಬೇಳೆಬಾತನ್ನು ನಾನು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದವರೆಲ್ಲ ಕೆಲಸ ನೆನಪಾದವರಂತೆ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಭಾಷಣದ ಹೊತ್ತಿಗೆ ಉಳಿದದ್ದು ಬರೀ ಕುರ್ಚಿಗಳು. ಹೊಸ ಅಧ್ಯಕ್ಷರು ವಾಚು ನೋಡಿ ಸಭೆ ಮುಗಿಸಿಬಿಟ್ಟರು.

ಕೆಳಗೆ ಟ್ರಾಮ್ ಸ್ಟಾಪಿನಲ್ಲಿ ಹಿರಿಯರು ಒಬ್ಬರೇ ನಿಂತಿದ್ದರು. ಶರ್ಟಿನ ಜೇಬಿನಲ್ಲಿ ಮಡಚಿದ ಹಾಳೆಗಳು.

"ಇವತ್ತು ನೀವು ಮಾತಾಡಲೇ ಇಲ್ವಲ್ಲ ಸರ್" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಯಾರ ಮುಂದ ಮಾತಾಡ್ಲಿ ತಮ್ಮಾ? ಸೊಸಿ ಬಂಗಾಲಿಯಾಕಿ, ಮೊಮ್ಮಕ್ಕಳೂ ಬಂಗಾಲಿನ ಮಾತಾಡ್ತಾವ. ಮಗಗ ಪುರಸೊತ್ತಿಲ್ಲ. ನಮ್ಮಾಕಿ ಹೋದಮ್ಯಾಲ ನಾ ಕನ್ನಡ ಮಾತಾಡ್ತಿದ್ದದ್ದು ತಿಂಗಳಿಗೆ ಅದೊಂದ ತಾಸು."

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. "ಸರ್, ಪಾರದರ್ಶಕತೆ ಗೀರದರ್ಶಕತೆ ಎಲ್ಲ ಸುಳ್ಳು. ಹೊಟ್ಟೆ ಹಸಿದಿತ್ತು, ಅದಕ್ಕೇ ಅವರಿಗೆ ಕೈ ಎತ್ತಿದೆ" ಎಂದುಬಿಟ್ಟೆ.

ಅವರು ಬಾಯ್ತುಂಬ ನಕ್ಕರು. "ಹುಚ್ಚಪ್ಪಾ! ಹಸಿವಿ ಆಗೇದ ಅಂತ ಒಂದ ಮಾತು ಅಂದಿದ್ರ ನಾನ ಮೊದಲ ಊಟಕ್ಕ ಕೂಡಸ್ತಿದ್ದೆನಲ್ಲೋ."

ಅವರೂರಿನ ಬಾವಿಯ ಕತೆ ಕೇಳೋಣ ಎಂದುಕೊಂಡೆ. ಆ ದಿನ ನನಗೆ ಹೊಟ್ಟೆ ತುಂಬಿತ್ತು, ಕೇಳಲು ಯಾವ ಅವಸರವೂ ಇರಲಿಲ್ಲ. ಅಷ್ಟರಲ್ಲಿ ಟ್ರಾಮ್ ಬಂತು. ಹಿರಿಯರು ಹತ್ತಿ, ಕಂಡಕ್ಟರನ ಜೊತೆ ಬಂಗಾಲಿಯಲ್ಲಿ ಮಾತಾಡುತ್ತಾ ಹೊರಟುಹೋದರು.