ಜಂಬಮ್ಮ ಹಾಕಿಸಿದ ಬಂಡೆ

ಜಂಬಮ್ಮ ಯಾವ ತಪ್ಪನ್ನಾದರೂ ತನ್ನದೆಂದು ಒಪ್ಪಿಕೊಂಡದ್ದನ್ನು ಕಂಡವರು ಆಂಧ್ರದ ಕೌತಾಳಂ ಕಡೆಯ ಆ ಊರಿನಲ್ಲಿ ಯಾರೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ತಪ್ಪು ಉಪ್ಪಿನದು, ಆದೋನಿ ಬಸ್ಸು ಹೋಗಿಬಿಟ್ಟರೆ ಡ್ರೈವರನದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಈಕೆಗೆ ಮೀಸೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಗಂಡ ಭೀಮಲಿಂಗಪ್ಪ ಮೂವತ್ತು ವರ್ಷದಿಂದ ಹೂಂ ಅಂದುಕೊಂಡೇ ಬಾಳುವೆ ಮಾಡಿದ್ದ.

ಆದರೆ ತನ್ನ ಆಕಳು ಚುಕ್ಕಿಯ ಮೇಲೆ ಆಕೆಗಿದ್ದಷ್ಟು ಅಕ್ಕರೆ ಇನ್ಯಾರಿಗಿತ್ತು ಹೇಳಿ! ಆ ಕಡೆಯ ಹಳೇ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಒಂದು ಪಕ್ಕ ದನ, ಇನ್ನೊಂದು ಪಕ್ಕ ಮಂದಿ, ಸೂರು ಒಂದೇ. ಚುಕ್ಕಿ ಹುಟ್ಟಿದ್ದು, ಬೆಳೆದದ್ದು, ನಾಲ್ಕು ಕರು ಹಾಕಿದ್ದು ಎಲ್ಲಾ ಅಲ್ಲೇ. ಓಣಿಯ ಏಳು ಮನೆಯ ಚಹಾ ಅದರ ಹಾಲಿನಿಂದಲೇ ಆಗಬೇಕು. ಊಟಕ್ಕೆ ಕೂತರೆ ಜಂಬಮ್ಮ ಮೊದಲ ರೊಟ್ಟಿ ಮುರಿದು ಅದಕ್ಕೇ ತಿನ್ನಿಸುವಳು. ‘ತಿನ್ನು ನಮ್ಮವ್ವ, ನಿನ್ನ ಬಿಟ್ರ ಈ ಮನ್ಯಾಗ ನನ್ನ ಮಾತು ಕೇಳೋರು ಯಾರದಾರ?’ ಅನ್ನುವಳು. ಪಕ್ಕದಲ್ಲಿ ಕೂತ ಭೀಮಲಿಂಗಪ್ಪ ಅದಕ್ಕೂ ಹೂಂ ಅನ್ನುವನು.

ಯುಗಾದಿಗೆ ಮುಂಚೆ ಮನೆಯ ನೆಲಕ್ಕೆ ಬೇತಂಚೆರ್ಲದ ಪಾಲಿಷ್ ಬಂಡೆ ಹಾಕಿಸಿದರು. ಮಂದಿ ಇರುವ ಪಕ್ಕ ಮುಗಿದ ಮೇಲೆ ಒಂದಿಷ್ಟು ಬಂಡೆ ಉಳಿದವು.

‘ಚುಕ್ಕಿ ಕಟ್ಟೋ ಜಾಗಕ್ಕೂ ಹಾಕಪಾ. ಆಕಿ ಏನು ಹೊರಗಿನಾಕಿ ಏನು?’ ಅಂದಳು ಜಂಬಮ್ಮ.

ಮೇಸ್ತ್ರಿ ಶ್ರೀರಾಮುಲು ತಲೆ ಕೆರೆದುಕೊಂಡ. ‘ಅಕ್ಕಾ, ದನದ ಕಾಲು ಜಾರ್ತೈತಿ. ಉಳಿ ಏಟರ ಹಾಕಿ ಒರಟು ಮಾಡ್ತೀನಿ.’

‘ಆ ಗುಳಿಯಾಗ ಸೆಗಣಿ ಕೂತ್ರ ನೀನು ಬಂದು ಬಳೀತಿ ಏನು? ನುಣ್ಣಗ ಇರ್ಲಿ, ಹಾಕು.’

‘ಮಣ್ಣಿನ ನೆಲಾನ ಚಲೋ ಇತ್ತಲ್ಲೇ’ ಅಂದ ಭೀಮಲಿಂಗಪ್ಪ. ಆ ಮಾತನ್ನು ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ಬಂಡೆ ಕೂತ ಮೇಲೆ ಓಣಿಯವರನ್ನೆಲ್ಲ ಕರೆದು, ಎರಡು ಚೊಂಬು ನೀರು ಚೆಲ್ಲಿ, ಹೇಗೆ ಹೊಳೆಯುತ್ತದೆ ನೋಡಿ ಅಂತ ತೋರಿಸಿದಳು.

ನಾಲ್ಕನೇ ಕರು ಹುಟ್ಟಿ ಹದಿನೈದು ದಿನವಾಗಿತ್ತು. ಬೆಳಿಗ್ಗೆ ಹಾಲು ಕರೆದು, ನೆಲ ತೊಳೆದು, ಜಂಬಮ್ಮ ಕರುವಿನ ಹಗ್ಗ ಬಿಚ್ಚಿದಳು. ಅದು ಬಾಗಿಲ ಕಡೆ ಚಂಗನೆ ಜಿಗಿಯಿತು. ಚುಕ್ಕಿ ಗಾಬರಿಯಾಗಿ ಗಕ್ಕನೆ ಆ ಕಡೆ ತಿರುಗಿತು, ಹಿಂಗಾಲೆರಡೂ ಎರಡು ದಿಕ್ಕಿಗೆ ಜಾರಿದವು. ಬಿದ್ದ ಸದ್ದಿಗೆ ಎದುರು ಮನೆಯವರು ಎದ್ದು ಬಂದರು. ಏಳಲು ನೋಡಿತು, ಜಾರಿತು. ಮತ್ತೆ ನೋಡಿತು, ಮತ್ತೆ ಜಾರಿತು. ಅಯ್ಯೋ ನಮ್ಮವ್ವ, ಅಯ್ಯೋ ನಮ್ಮವ್ವ ಅನ್ನುತ್ತಾ ಜಂಬಮ್ಮ ಗೋಣಿಚೀಲ ಹಾಸಿದಳು, ಬೂದಿ ಸುರಿದಳು. ಆರು ಮಂದಿ ಹೊಟ್ಟೆಯಡಿ ಹಗ್ಗ ಹಾಕಿ ಎತ್ತಿದರು. ಆಗಲಿಲ್ಲ.

ದನದ ಡಾಕ್ಟರು ಬಂದು ಸೊಂಟ ಒತ್ತಿ ನೋಡಿದರು. ‘ಲಾಭಂ ಲೇದಮ್ಮಾ, ಉಳಿಯಂಗಿಲ್ಲ. ಎಲುಬು ಮುರಿದೈತಿ, ಒಳಗ ರಕ್ತ ಹರಿಯಾಕತ್ತೈತಿ’ ಅಂದರು. ನೋವಿಗೆ ಸೂಜಿ ಮಾಡಿ, ಬಂಡೆಯ ಮೇಲೆ ಬೂಟು ಉಜ್ಜಿ, ‘ಇದನ್ನ ಹಾಕ್ಸಿದ್ದು ಯಾರ್ರಿ?’ ಅಂತ ಕೇಳಿದರು.

ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು. ಜಂಬಮ್ಮ ಬಗ್ಗಿ ಚುಕ್ಕಿಯ ಕೆಳಗಿನ ಗೋಣಿಚೀಲ ಸರಿಮಾಡತೊಡಗಿದಳು.

‘ನಾನ ಹಾಕ್ಸಿದ್ನಿ ಸಾರ್’ ಅಂದ ಭೀಮಲಿಂಗಪ್ಪ. ‘ನನಗ ತಿಳೀಲಿಲ್ಲ.’

ಆಕೆ ತಲೆ ಎತ್ತಲಿಲ್ಲ. ಮಧ್ಯಾಹ್ನ ಚುಕ್ಕಿ ಆಕೆಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು. ಹೊಲದ ಬದುವಿನಲ್ಲಿ ಜೆಸಿಬಿಯಿಂದ ಗುಂಡಿ ತೋಡಿಸಿ, ಹಣೆಗೆ ವಿಭೂತಿ ಬಳಿದು, ಹೊಸ ಕುಪ್ಪಸದ ಬಟ್ಟೆ ಹೊದಿಸಿ, ಉಪ್ಪು ಸುರಿದು ಮಣ್ಣು ಮಾಡಿದರು. ಜಂಬಮ್ಮನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಗಟ್ಟಿಗಿತ್ತಿ ಬಿಡು ಅಂದರು ಮಂದಿ.

ತಾನೇ ಒಪ್ಪಿಕೊಂಡಿದ್ದನಲ್ಲ, ಬೈಯಲು ಸಿಕ್ಕವನು ಭೀಮಲಿಂಗಪ್ಪ. ‘ಏನಪಾ, ಮುಂದಿನ ಆಕಳಿಗೆ ಗಾದಿ ಹಾಸ್ತಿ ಏನು?’ ಅಂತ ಚಹಾದಂಗಡಿಯಲ್ಲಿ ನಕ್ಕರು. ಅವನು ಚಹಾ ಕುಡಿದು ಎದ್ದು ಬಂದ. ಜಂಬಮ್ಮನಿಗೆ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಹೇಳಿಬಿಡಬೇಕು ಅಂತ ಬಾಯಿ ತೆರೆಯುವಳು, ನಾಚಿಕೆಯಾಗಿ ಮುಚ್ಚುವಳು. ಊಟಕ್ಕೆ ಕೂತರೆ ಮೊದಲ ರೊಟ್ಟಿ ಮುರಿದು ಹಾಗೇ ಇಟ್ಟು ಏಳುವಳು.

ಇತ್ತ ಪಾಕೀಟು ಹಾಲು ಕುಡಿಸಿ ಕರುವಿಗೆ ಭೇದಿ ಹತ್ತಿತು. ಎದುರು ಮನೆ ಉಚ್ಚಮ್ಮನ ಆಕಳೂ ಹೊಸದಾಗಿ ಈದಿತ್ತು. ಮೂರನೇ ದಿನ ಜಂಬಮ್ಮ ಚೊಂಬು ಹಿಡಿದು ಹೋದಳು. ಹಾಲು ಕೇಳಿಕೊಂಡು ಒಬ್ಬರ ಮನೆ ಮೆಟ್ಟಿಲು ಹತ್ತಿದ್ದು ಆಕೆಯ ಜನ್ಮದಲ್ಲೇ ಮೊದಲು.

‘ಕರುವಿಗ ಹಾಲು ಕೇಳಬೇಕೇನವ್ವ, ದಿನಾ ಒಯ್ಯಿ’ ಅನ್ನುತ್ತಾ ಉಚ್ಚಮ್ಮ ಸುರಿದಳು. ‘ಆದ್ರ ನಿನ್ನ ಗಂಡಗ ಬುದ್ಧಿ ಬ್ಯಾಡೇನು? ಅಂಥಾ ನುಣ್ಣನ ಬಂಡೆ ಹಾಕಿ ಮೂಕಪ್ರಾಣಿ ಕೊಂದ್ನಲ್ಲ!’

ಚೊಂಬು ತುಂಬಿದರೂ ಜಂಬಮ್ಮ ಕದಲಲಿಲ್ಲ.

‘ಆತ ಬ್ಯಾಡ ಅಂದಿದ್ದ. ಮೇಸ್ತ್ರಿನೂ ಬ್ಯಾಡ ಅಂದಿದ್ದ. ಹಾಕ್ಸಿದಾಕಿ ನಾನು, ಉಚ್ಚಮ್ಮಾ. ಆಕೀನ ಕೊಂದಾಕಿ ನಾನು.’

ಮನೆಗೆ ಬಂದಾಗ ಭೀಮಲಿಂಗಪ್ಪ ಕರುವಿನ ಬಾಯಿಗೆ ಬೆರಳು ಕೊಟ್ಟು ಚೀಪಿಸುತ್ತಿದ್ದ.

‘ಉಚ್ಚಮ್ಮಗ ಹೇಳಿಬಂದ್ನಿ’ ಅಂದಳು. ‘ಸಂಜಿಗೆ ಊರಿಗೆಲ್ಲ ಗೊತ್ತಾಗ್ತೈತಿ.’

ಅವನು ಚೊಂಬು ಇಸಿದುಕೊಂಡು ಹಾಲನ್ನು ಬೋಗುಣಿಗೆ ಬಗ್ಗಿಸಿದ.

‘ಯಾಕ ಹೇಳಾಕ ಹೋದಿ? ಚುಕ್ಕಿ ಹೋದ ದುಃಖಾನ ನಿನಗ ಸಾಕಷ್ಟು ಐತಿ. ಮಂದಿ ಬೈಗಳರ ನಾನು ಹೊರ್ತಿದ್ನಲ್ಲ.’

ಜಂಬಮ್ಮ ಅಲ್ಲೇ ನೆಲಕ್ಕೆ ಕುಸಿದು, ಮೂರು ದಿನದ್ದೆಲ್ಲ ಸೇರಿಸಿ ಹೋ ಅಂತ ಅತ್ತಳು.