ಮೇಸ್ತ್ರಿ ಗುರುತು ಹಾಕಿದ ಬಿಸಿಲು

ಕಳೆದ ತಿಂಗಳು ಹಳದೀಪುರದ ನಮ್ಮ ಮನೆಯಲ್ಲಿ ಅಕ್ಕನ ಕೋಣೆಯ ಗೋಡೆಯನ್ನು ಯಂತ್ರ ಹಿಡಿದು ಕೊರೆದರು. ಗೋಡೆಯ ಒದ್ದೆ ಕೆಂಪು ಚಿರೇಕಲ್ಲಿನ ವಾಸನೆ ಮನೆಯಿಡೀ ತುಂಬಿತು. ಎಲ್ಲರಿಗೂ ಹಿತವಾದ ವಾಸನೆ ಅದು, ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮಗಳು ಕುಮಟೆಯಿಂದ ಕರೆಸಿದ ಎಂಜಿನಿಯರ್ ಹುಡುಗಿ ಲ್ಯಾಪ್‌ಟಾಪಿನಲ್ಲಿ ಸೂರ್ಯನನ್ನು ಹನ್ನೆರಡು ತಿಂಗಳು ತಿರುಗಿಸಿ ತೋರಿಸುತ್ತ, "ಬಿಸಿಲು, ಗಾಳಿ ನೋಡ್ಕೊಂಡು ಮನೆ ಕಟ್ಟೋದು. ಇದಕ್ಕೆ ಪ್ಯಾಸಿವ್ ಸೋಲಾರ್ ಅಂತಾರೆ ಸರ್" ಎಂದಳು. ಇದೇ ಮಾತನ್ನು ಇದೇ ಅಂಗಳದಲ್ಲಿ ನಿಂತು ಒಬ್ಬರು ಹೇಳಿದ್ದರು, ಇಂಗ್ಲಿಷಿನ ಹಂಗಿಲ್ಲದೆ. ನಾನು ಅವರನ್ನು ಬೈದು ಅಟ್ಟಿದ್ದೆ.

ಊರಿಗೆಲ್ಲ ಅವರು ಮೇಸ್ತ್ರಿ. ಅಜ್ಜ ಕಟ್ಟಿಸಿದ ನಮ್ಮ ಮನೆಯ ಹೆಂಚು, ಗೋಡೆ, ಬಾವಿಕಟ್ಟೆ ಯಾವುದು ಕೆಟ್ಟರೂ ಅವರೇ ಬರಬೇಕು. ಭಟ್ಕಳದಲ್ಲಿದ್ದ ನನ್ನಕ್ಕ ಜಾರಿಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಇನ್ನು ಎದ್ದು ಓಡಾಡುವುದು ಸಾಧ್ಯವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವಳನ್ನು ಇಲ್ಲಿಗೆ ಕರೆತಂದೆ. ಅವಳಿಗಾಗಿ ಒಂದು ಕೋಣೆ ಹೆಚ್ಚಿಸಬೇಕಿತ್ತು.

ಮೇಸ್ತ್ರಿ ಟೇಪು ತರಲಿಲ್ಲ, ಒಂದು ತುಂಡು ಇದ್ದಿಲು ತಂದರು. "ಒಂದು ವರ್ಷ ಬಿಸ್ಲು, ಗಾಳಿ ಎರಡೂ ನೋಡ್ಬೇಕು ಮಾಸ್ತರ್ರೆ. ಮಲ್ಗಿದವ್ರಿಗೆ ಎದ್ದು ನೆರಳಿಗೆ ಸರಿಯೂಕೆ ಆಗುದಿಲ್ಲ. ಕೋಣೆನೇ ಹಾಗಿರ್ಬೇಕು," ಎಂದರು. ಮಕರ ಸಂಕ್ರಾಂತಿಗೆ ಮೊದಲ ಗೆರೆ ಬಿತ್ತು. ಆಮೇಲೆ ಪ್ರತಿ ತಿಂಗಳ ಸಂಕ್ರಮಣಕ್ಕೆ ಬಂದು, ಮಧ್ಯಾಹ್ನದಿಂದ ಬೈಗಿನ ತನಕ ಜಗುಲಿಯಲ್ಲಿ ಕೂತು, ಬಿಸಿಲು ಗೋಡೆಯ ಮೇಲೆ ಎಲ್ಲಿಯವರೆಗೆ ಬಂತೋ ಅಲ್ಲಿ ಗೆರೆ ಎಳೆಯುತ್ತಿದ್ದರು. ಮಳೆಗಾಲದಲ್ಲೂ ತಪ್ಪಿಸಲಿಲ್ಲ. ಬಿಸಿಲಿಲ್ಲದ ದಿನ ಬೀಡಿ ಹಚ್ಚಿ ಹೊಗೆ ಎತ್ತ ಹೋಗುತ್ತದೆಂದು ನೋಡುತ್ತಿದ್ದರು. ಅಕ್ಕ ಅದೇ ಜಗುಲಿಯಲ್ಲಿ ಮಂಚದ ಮೇಲೆ ಮಲಗಿ ಅವರೊಡನೆ ಊರ ಸುದ್ದಿ ಮಾತಾಡುತ್ತಿದ್ದಳು. ನನಗೆ ಇದೆಲ್ಲ ಕೆಲಸಗಳ್ಳತನವಾಗಿ ಕಂಡಿತು.

ಚೌತಿ ಬಂತು. ಗಣಪತಿ ಕೂರುವ ಮನೆಯಲ್ಲಿ ಗೋಡೆ ತುಂಬ ಇದ್ದಿಲಿನ ಗೀಚು ಇದ್ದರೆ ಬಂದವರು ಏನೆಂದುಕೊಂಡಾರು? ಪ್ರತಿ ವರ್ಷದಂತೆ ಸುಣ್ಣ ಬಳಿಯಲೇಬೇಕಿತ್ತು. ನಾನೇ ಕುಂಚ ಹಿಡಿದು ಎಲ್ಲ ಗೆರೆಗಳನ್ನೂ ಬಳಿದುಹಾಕಿದೆ.

ಮುಂದಿನ ಸಂಕ್ರಮಣಕ್ಕೆ ಬಂದ ಮೇಸ್ತ್ರಿ ಬಿಳಿ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದರು. "ಎಂತ ಮಾಡ್ಬಿಟ್ರಿ..." ಎಂದರು. ಆಮೇಲೆ ತಾವೇ ಸಮಾಧಾನ ತಂದುಕೊಂಡು, "ಆತು ಬಿಡಿ. ಮತ್ತೆ ಶುರು ಮಾಡ್ವ" ಎಂದರು.

"ಇನ್ನೊಂದು ವರ್ಷ ಅಕ್ಕ ಜಗುಲಿಯಲ್ಲೇ ಬಿದ್ಕಂಡಿರ್ಬೇಕಾ? ಕೆಲ್ಸ ಬರುದಿಲ್ಲ ಅಂದ್ರೆ ಬರುದಿಲ್ಲ ಅನ್ನಿ!" ಎಂದು ಕೂಗಿದೆ. ಬೇಲಿಯಾಚೆ ಜನ ನಿಂತು ನೋಡಿದರು. ಅವರು ಪಂಚೆ ಕೊಡವಿಕೊಂಡು ನಡೆದುಹೋದರು. ಆಗಲೂ ಒಂದು ಬಿರುಸು ಮಾತಾಡಲಿಲ್ಲ. ಈಗ ನನಗೆ ಅದಕ್ಕೂ ಸಿಟ್ಟು. ಒಮ್ಮೆ ನನ್ನ ಮುಖಕ್ಕೆ ಹೊಡೆದಂತೆ ಹೇಳಬಾರದಿತ್ತೇ?

ಹೊನ್ನಾವರದಿಂದ ಬಂದ ಕಂತ್ರಾಟುದಾರ ದೀಪಾವಳಿಯೊಳಗೆ ಕೋಣೆ ಎಬ್ಬಿಸಿಕೊಟ್ಟ. ಪಡುಬದಿಗೆ, ಮೇಲೆ ಕಾಂಕ್ರೀಟಿನ ಚಪ್ಪಟೆ ತಾರಸಿ. ಅಕ್ಕನಿಗೆ ಹೊರಗೆ ಕಾಣಲೆಂದು ದೊಡ್ಡ ಗಾಜಿನ ಕಿಟಕಿಯನ್ನು ನಾನೇ ಹೇಳಿ ಇಡಿಸಿದೆ. ಮಾರ್ಚ್ ಬಂದದ್ದೇ ತಡ, ಎರಡು ಗಂಟೆಯಿಂದ ಬಿಸಿಲು ನೇರ ಅವಳ ಮುಖಕ್ಕೆ. ಪರದೆ ಎಳೆದರೆ ಗಾಳಿ ಇಲ್ಲ. ಫ್ಯಾನು ತಾರಸಿಯ ಕಾವನ್ನೇ ಇಳಿಸುತ್ತಿತ್ತು. ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಬೆವರಿಗೆ ಉರಿದು ಅವಳು ಹಲ್ಲು ಕಚ್ಚಿ ಮಲಗಿರುತ್ತಿದ್ದಳು. ಹನ್ನೊಂದು ಬೇಸಿಗೆ. ಅದೇ ಹೊತ್ತಿಗೆ ನಾನು ಶಾಲೆಯಲ್ಲಿ ಮಕ್ಕಳಿಗೆ ಉತ್ತರಾಯಣ, ದಕ್ಷಿಣಾಯನದ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ಥೂ.

ಮೂರನೇ ಬೇಸಿಗೆಯಲ್ಲಿ ಮೇಸ್ತ್ರಿ ತಾವಾಗಿ ಬಂದರು. ಯಾರ ಬಾಯಲ್ಲೋ ಕೇಳಿದ್ದಿರಬೇಕು. ಕಿಟಕಿಯಿಂದ ಅಕ್ಕನನ್ನು ನೋಡಿ ನನ್ನ ಬಳಿ ಬಂದು, "ಪಡುಬದಿಗೆ ಕಿಟಕಿ ಮೇಲಿಂದ ಹೆಂಚಿನ ಮಾಡು ಇಳ್ಸುವ, ಬಿಸ್ಲು ಒಳಗೆ ಬರುದಿಲ್ಲ. ಬಡಗು ಗೋಡೆ ತುದೀಲಿ ಎರಡು ಕಿಂಡಿ ತೆಗ್ದ್ರೆ ಕಾವು ಹೊರಗೆ ಹೋಗ್ತದೆ. ನಾ ಮಾಡ್ಕೊಡ್ತೆ," ಎಂದರು.

"ನಿಮ್ಮನ್ನ ಯಾರು ಕರ್ದವ್ರು?" ಎಂದೆ.

ಒಳಗಿಂದ ಅಕ್ಕನ ದನಿ ಬಂತು. "ಮಾಡ್ಲಿ ಬಿಡೋ ತಮ್ಮಾ..."

ನನಗೆ ಚೆನ್ನಾಗಿ ಕೇಳಿಸಿತ್ತು. ಕೇಳದವನಂತೆ ಹಿತ್ತಿಲಿಗೆ ಹೋದೆ. ಒಪ್ಪಿದರೆ ಊರವರ ಮುಂದೆ ಕೂಗಿದ್ದು ತಪ್ಪೆಂದು ಒಪ್ಪಿದ ಹಾಗಲ್ಲವೇ! ನನ್ನ ಒಣ ಜಂಬಕ್ಕೆ ಅವಳು ಇನ್ನೂ ಎಂಟು ಬೇಸಿಗೆ ಬೆಂದಳು. ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ಮೇಸ್ತ್ರಿ ತೀರಿಕೊಂಡಾಗ ನಾನು ಅವರ ಮನೆಯ ಕಡೆ ಕಾಲಿಡಲಿಲ್ಲ. ಅವರಾದ ಎರಡು ವರ್ಷಕ್ಕೆ ಅಕ್ಕನೂ ಹೋದಳು, ಏಪ್ರಿಲ್ ತಿಂಗಳಲ್ಲಿ.

ಎಂಜಿನಿಯರ್ ಹುಡುಗಿ ಲೆಕ್ಕವೆಲ್ಲ ಹಾಕಿ ಕೊನೆಗೆ ಮಾಡಿಸಿದ್ದು ಇಷ್ಟೇ. ಪಡುಬದಿಗೆ ಹೆಂಚಿನ ಮಾಡು, ಬಡಗು ಗೋಡೆಯ ತುದಿಯಲ್ಲಿ ಎರಡು ಕಿಂಡಿ. ಎಂಟು ದಿನದ ಕೆಲಸ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಫ್ಯಾನು ಹಾಕದೆ ಒಳಗೆ ಕೂತು ನೋಡಿದೆ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಮೈ ಬೆವರಲಿಲ್ಲ. ಮಗಳು ಬಾಗಿಲಲ್ಲಿ ನಿಂತು, "ಎಷ್ಟು ತಂಪಾಯ್ತು ಅಲ್ದಾ ಅಪ್ಪ?" ಎಂದು ಕೇಳಿದಳು. ನಾನು ತಲೆಯೆತ್ತಿ ಆ ಎರಡು ಕಿಂಡಿಗಳನ್ನು ನೋಡಿದೆ. ಹನ್ನೊಂದು ವರ್ಷ ಈ ಕೋಣೆಯಲ್ಲಿ ಮಲಗಿದ್ದವಳು ನನ್ನನ್ನು ಕೇಳಿದ್ದು ಇದೊಂದನ್ನೇ.